ಬಾಡದೇ ಉಳಿದ ಸಾಲು

ಆ ವರ್ಷ ನನಗೆ ಬೇಕಾಗಿದ್ದುದು ಇಷ್ಟೇ: ಎಂಟು ಟೊಮೇಟೊ ಗಿಡ ಹನ್ನೆರಡು ದಿನ ನೀರಿಲ್ಲದೆ ಬಾಡಬೇಕು. ಅಷ್ಟು ಸಣ್ಣ ಕೆಲಸವೂ ನನ್ನ ಕೈಯಲ್ಲಿ ಆಗಲಿಲ್ಲ.

ನನ್ನ ಪಿಎಚ್‌ಡಿ ನಿಂತಿದ್ದುದೇ ಅದರ ಮೇಲೆ. ಚಿಗುರಿನಲ್ಲಿ ಹುಟ್ಟುವ ಆಕ್ಸಿನ್ ಎಂಬ ಹಾರ್ಮೋನು ಬೇರಿನವರೆಗೆ ಸಾಗಲು ಕೆಲವು ಜೀನ್‌ಗಳು ದುಡಿಯುತ್ತವೆ. ನೀರು ತಪ್ಪಿದಾಗ ಅವುಗಳಲ್ಲಿ ಯಾವುದು ಚುರುಕಾಗುತ್ತದೆ, ಯಾವುದು ಸುಮ್ಮನಾಗುತ್ತದೆ ಎಂದು ನೋಡಬೇಕಿತ್ತು. ಹಾರನಹಳ್ಳಿಯಲ್ಲಿ ಸೋದರಮಾವನ ಮನೆಯ ಹಿತ್ತಿಲಲ್ಲಿ ಎರಡು ಸಾಲು ನೆಟ್ಟೆ. ಒಂದಕ್ಕೆ ಹನಿ ನೀರಿನ ಪೈಪು, ಇನ್ನೊಂದಕ್ಕೆ ತೊಟ್ಟೂ ಇಲ್ಲ. ಒಣ ಸಾಲಿನ ಮೇಲೆ ಮಳೆ ಬೀಳದಂತೆ ಪ್ಲಾಸ್ಟಿಕ್ ಕಟ್ಟಿ, ಬುಡಕ್ಕೆ ಹುಲ್ಲು ಹಾಸಿ, ಸುತ್ತ ಹಗ್ಗ ಎಳೆದು, ಯಾರೂ ಕಾಲಿಡಬಾರದೆಂದು ಬೋರ್ಡನ್ನೂ ನೇತುಹಾಕಿದೆ. ಮಾವನಿಗೆ ಎಲ್ಲ ವಿವರಿಸಿ ಹೊರಟೆ.

ಹದಿಮೂರನೆಯ ದಿನ ಬೆಳಗಾಗುತ್ತಲೇ ಬಂದು ಎಲೆ ಕಿತ್ತೆ. ಒಣ ಸಾಲು ಅಷ್ಟೇನೂ ಬಾಡಿರಲಿಲ್ಲ. ತಳಿ ಗಟ್ಟಿ ಎಂದು ಹಿಗ್ಗಿದೆ, ಪೆದ್ದಿ.

ಪ್ರಯೋಗಾಲಯದಲ್ಲಿ ನೋಡಿದರೆ ಎರಡೂ ಸಾಲಿನಲ್ಲಿ ಆ ಜೀನ್‌ಗಳ ಚುರುಕು ಒಂದೇ ಥರ. ಯಂತ್ರವನ್ನು ಬೈದೆ, ರಾಸಾಯನಿಕ ಬದಲಾಯಿಸಿದೆ, ಮೂರು ಸಲ ಮತ್ತೆ ಮಾಡಿದೆ. ಗೈಡ್ ನನ್ನ ಕೈಯನ್ನೇ ಅನುಮಾನಿಸಿದರು. ಫೆಲೋಶಿಪ್ ಬೇರೆ ಮುಗಿಯುತ್ತಾ ಬಂದಿತ್ತು.

ತಲೆ ಕೆಟ್ಟು ಮತ್ತೆ ಹಾರನಹಳ್ಳಿಗೆ ಹೋದೆ. ನಾನು ಹಿತ್ತಿಲಲ್ಲಿ ನಿಂತಿದ್ದಾಗ ಅತ್ತೆ ಪೂಜೆ ಮುಗಿಸಿ ಬಿಂದಿಗೆ ಹಿಡಿದು ಬಂದರು. ಅದರಲ್ಲಿ ಅಭಿಷೇಕದ ನೀರು, ದೇವರ ಪಾತ್ರೆ ತೊಳೆದ ನೀರು. ಹಗ್ಗದಾಚೆಯಿಂದಲೇ ಬಗ್ಗಿ, ನನ್ನ ಒಣ ಸಾಲಿನ ಬುಡಕ್ಕೆ ಉದ್ದಕ್ಕೂ ಸುರಿದರು.

"ಅತ್ತೆ! ಏನ್ ಮಾಡ್ತಿದೀರಾ?"

"ದೇವ್ರ ನೀರು ಕಣೇ, ತುಳ್ದಾಡೋ ಕಡೆ ಚೆಲ್ಬಾರ್ದು. ಮೊದ್ಲು ತೆಂಗಿನ ಬುಡಕ್ಕೆ ಹಾಕ್ತಿದ್ದೆ, ಅಲ್ಲಿ ದನ-ಕರ ಓಡಾಡ್ತವೆ. ನೀನು ಹಗ್ಗ ಕಟ್ಟಿದ್ಮೇಲೆ ಇಂಥಾ ಜಾಗ ಇನ್ನೆಲ್ಲೈತೆ?"

"ದಿನಾನೂ ಹಾಕಿದ್ರಾ?"

"ಒಂದಿನಾನೂ ತಪ್ಸಿಲ್ಲ."

ಕೋಪ, ಅಳು ಒಟ್ಟಿಗೇ ನುಗ್ಗಿ ಬಂದವು. "ನೀರು ಹಾಕ್ಬಾರ್ದು ಅಂತ ಮಾವಂಗೆ ಅಷ್ಟು ಸಲ ಹೇಳಿದ್ನಲ್ಲ! ನನ್ನ ಒಂದು ವರ್ಷ ಹಾಳಾಯ್ತು!" ಎಂದು ಕೂಗಾಡಿದೆ.

ಅತ್ತೆ ಬಿಂದಿಗೆ ಕೆಳಗಿಟ್ಟರು. "ನಿಮ್ಮಾವ ಈ ಹಿತ್ಲಿಗೆ ಯಾವತ್ತು ನೀರು ಹಾಕವ್ರೆ? ಹಾಕೋಳು ನಾನು. ನಂಗ್ಯಾಕೆ ಹೇಳ್ಲಿಲ್ಲ?"

ಹೇಳಿದರೂ ಅವರಿಗೆ ತಿಳಿಯುವುದಿಲ್ಲ ಎಂದುಕೊಂಡಿದ್ದೆ.