ಹುಲಿಯ ಬಾಲಕ್ಕೆ ಸುಂಕ

ಚನ್ನಪಟ್ಟಣದ ಸುಂಕದ ಕಟ್ಟೆಯ ಗುಮಾಸ್ತ ಗವಿಸಿದ್ದಯ್ಯನವರು ದಿನಾ ಬೆಳಗ್ಗೆ ಅಡ್ಡಗಂಬ ಎತ್ತುವ ಮೊದಲು ಅದಕ್ಕೆ ವಿಭೂತಿ ಬಳಿದು ಕೈಮುಗಿಯುತ್ತಿದ್ದರು. ಜ್ವರದ ದಿನವೂ ಅದನ್ನು ತಪ್ಪಿಸಿದವರಲ್ಲ.

ಅವತ್ತು ರೈಲಿನಿಂದಿಳಿದ ಪೆಟ್ಟಿಗೆಯೊಂದು ಎತ್ತಿನ ಗಾಡಿಯಲ್ಲಿ ಕಟ್ಟೆಗೆ ಬಂತು. ಹಿಂದೆಯೇ ಹೆಣ್ಣುಮಕ್ಕಳ ಶಾಲೆಯ ಉಪಾಧ್ಯಾಯಿನಿ ಮಂಗಳಗೌರಿ, ಅವರ ಸುತ್ತ ಕುಣಿಯುತ್ತಿದ್ದ ಮಕ್ಕಳು. ಒಳಗೆ ಮಕ್ಕಳು ತೊಡುವ ವಿಲಾಯಿತಿ ವೇಷಗಳಿದ್ದವು: ಹುಲಿ, ಚಿಟ್ಟೆ, ರಾಣಿ. ಸಂಜೆಗೇ ನಾಟಕ!

ಗವಿಸಿದ್ದಯ್ಯನವರು ಯೋಚಿಸಿದರು: ಇದು ಬಟ್ಟೆಯೋ, ಆಟದ ಸಾಮಾನೋ? ಆಟದ ಸಾಮಾನಾದರೆ ಕಟ್ಟೆಯಲ್ಲೇ ಬಿಟ್ಟುಕೊಡಬಹುದು. ಬಟ್ಟೆಯಾದರೆ ಮೊಹರು ಹಾಕಿ, ಸುಂಕ ಗೊತ್ತುಮಾಡಲು ಕ್ಲೋಸ್‌ಪೇಟೆಯ ದೊಡ್ಡ ಕಚೇರಿಗೆ ಕಳಿಸಬೇಕು. ಅಲ್ಲಿಂದ ವಾರ ಕಳೆಯದೆ ಬಾರದು.

"ತೊಟ್ಕೊಳ್ಳೋದೆಲ್ಲ ಬಟ್ಟೆನೇ ಕಣಣ್ಣ," ಎಂದು ಗಾಡಿಯ ಚಲುವಯ್ಯ ಕೆಣಕಿದ.

"ಸುಮ್ಕಿರ್ಲಾ. ಒಗೆದು ಉಡೋದು ಬಟ್ಟೆ. ಒಸಿ ನೀರು ತತ್ತಾ."

ಗವಿಸಿದ್ದಯ್ಯನವರು ಹುಲಿಯ ಬಾಲವನ್ನು ಚೊಂಬಿನ ನೀರಿಗೆ ಅದ್ದಿದರು. ಮಕ್ಕಳು ಚೊಂಬಿನ ಸುತ್ತ ಮುತ್ತಿಕೊಂಡರು. ಹಿಂಡಿದೊಡನೆ ಹಳದಿ ಬಣ್ಣವೆಲ್ಲ ಅಂಗೈಗೆ ಇಳಿಯಿತು. ಅಂಟು ಹಾಕಿ ಕೂಡಿಸಿದ್ದ ಅಂಚು ಬಿಚ್ಚಿಕೊಂಡಿತು.

"ಇದು ಆಟದ ಸಾಮಾನೇಯ! ತಕ್ಕೊಂಡೋಗ್ರವ್ವಾ!"

ಮಕ್ಕಳು ಕಟ್ಟೆ ಅದುರುವಂತೆ ಕೂಗಿದರು. ಒಬ್ಬಳು ಬಣ್ಣಗೆಟ್ಟ ಬಾಲ ಹಿಡಿದು ಗರ್ಜಿಸಿದ್ದಕ್ಕೆ ಎತ್ತುಗಳು ಬೆದರಿದವು. ಮಂಗಳಗೌರಿಯ ಕಣ್ಣು ತುಂಬಿತು.

"ಶಿವ ನಿಮ್ಮನ್ನ ಚೆನ್ನಾಗಿಟ್ಟಿರಲಿ, ಯಜಮಾನ್ರೇ. ನಿಮ್ಮ ಮೊಮ್ಮಗಳಿಗೆ ಒಂದು ಜೊತೆ ಚಿಟ್ಟೆ ರೆಕ್ಕೆ ಎತ್ತಿಡ್ತೀನಿ."

"ಬ್ಯಾಡಿ ತಾಯಿ. ರೆಕ್ಕೆ ಈಸ್ಕಂಡ್ರೆ, ನಾಳೆ ಬರೋ ಪೆಟ್ಟಿಗೇಲಿರೋ ಬಾಲಾನ ನೀರಿಗದ್ದಿ ನೋಡೋಕೆ ನಂಗೆ ಕೈಯೇ ಬರಾಕಿಲ್ಲ."