ರೆಕಾರ್ಡ್ ಪ್ಲೇಯರಿಗೊಂದು ಹಲಸಿನ ಪೆಟ್ಟಿಗೆ

ರೆಕಾರ್ಡ್ ಪ್ಲೇಯರಿನ ಪೀಠಕ್ಕೆ ಕಲ್ಲು ಆರಿಸಲೆಂದು ಮೊನ್ನೆ ಹೊರಟವನು ಮದ್ರಾಸಿನ ಪುರಸೈವಾಕ್ಕಂನ ಬಡಗಿಯ ಅಂಗಡಿ ಎದುರು ನಿಂತುಬಿಟ್ಟೆ. ಒಳಗೆ ಹಲಸಿನ ಹಲಗೆ ಕೊಯ್ಯುತ್ತಿದ್ದರು. ಆ ಹಳದಿ ಹುಡಿಯ ವಾಸನೆ ನಿಮಗೂ ಗೊತ್ತಿದ್ದೀತು. ನನ್ನನ್ನು ಅದು ನೇರ ನಮ್ಮ ಹೋಟೆಲಿನ ಅಡುಗೆಮನೆಗೆ ಕರೆದೊಯ್ಯಿತು.

ಅಲ್ಲಿ ರುಬ್ಬುವ ಯಂತ್ರದ ಪಕ್ಕ ಹಲಸಿನ ಮಣೆ ಹಾಕಿಕೊಂಡು ನನ್ನ ಅಣ್ಣಯ್ಯ ಕೂರುತ್ತಿದ್ದ. ಐದನೇ ಕ್ಲಾಸಿಗೆ ಶಾಲೆ ಬಿಟ್ಟ ನನ್ನನ್ನು ಕುಂದಾಪುರದಿಂದ ಮದ್ರಾಸಿಗೆ ಕರೆತಂದವನು ಅವನೇ. ಲೋಟ ತೊಳೆದಲ್ಲಿಂದ ಮಾಲೀಕನಾಗುವವರೆಗೆ ದುಡಿದೇ ಬಂದೆ, ಯಾರ ಹಂಗೂ ಇಲ್ಲ ಎಂದು ಹೇಳಿಕೊಳ್ಳುವ ಚಟ ನನಗಿದೆ. ಅಣ್ಣಯ್ಯ ಎದುರಿದ್ದರೆ ಆ ಮಾತು ಹೊರಡುವುದಿಲ್ಲ. ಆ ಯಂತ್ರದ ಗದ್ದಲ ಕ್ರಮೇಣ ಅವನ ಕಿವಿಯನ್ನು ತಿಂದುಹಾಕಿತು.

ಹೋಟೆಲು ನಮ್ಮದಾದಾಗ ನಾನೊಂದು ಹಳೆಯ ರೆಕಾರ್ಡ್ ಪ್ಲೇಯರ್ ಮನೆಗೆ ತಂದೆ. ಬೆಲ್ಟಿಲ್ಲದ್ದು, ಮೋಟಾರೇ ನೇರವಾಗಿ ತಟ್ಟೆ ತಿರುಗಿಸುವಂಥದ್ದು. ಸ್ಪೀಕರನ್ನೂ ಅದೇ ಮೇಜಿನ ಮೇಲೆ ಒತ್ತಿಸಿಟ್ಟೆ. ನಡುಕಕ್ಕೆ ರೆಕಾರ್ಡಿನ ಮೇಲಿನ ಮುಳ್ಳು ಹಾರುತ್ತದೆ, ಹಾಗೆ ಇಡಬಾರದಂತೆ. ಆದರೆ ಕಿವಿ ಹೋದ ಮೇಲೆ ಅಣ್ಣಯ್ಯ ಪ್ಲೇಯರಿನ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂರತೊಡಗಿದ. ಸ್ಪೀಕರಿನ ನಡುಕ ಪೆಟ್ಟಿಗೆಗೆ, ಅಲ್ಲಿಂದ ಅವನ ಕೈಗೆ. "ಮೃದಂಗ ಬತ್ತಿತ್ ಕಾಣ್" ಎನ್ನುತ್ತಿದ್ದ ನಮ್ಮೂರ ಮಾತಿನಲ್ಲಿ, ಮೃದಂಗ ಬರುತ್ತಿದೆ ನೋಡು ಎಂದು.

ಕಳೆದ ಮಳೆಗಾಲದಲ್ಲಿ ಮನೆಗೆ ನೀರು ನುಗ್ಗಿ ಪೆಟ್ಟಿಗೆ ಉಬ್ಬಿ ಒಡೆಯಿತು. ಮೋಟಾರು ಮಾತ್ರ ಉಳಿಯಿತು. ಆಮೇಲೂ ಅಣ್ಣಯ್ಯ ಸಂಜೆಯಾದರೆ ಅದೇ ಜಾಗದಲ್ಲಿ ಕೂರುತ್ತಿದ್ದ, ಕೈಯನ್ನು ಮಡಿಲಲ್ಲಿಟ್ಟುಕೊಂಡು. ಮಾತು ಬಹುತೇಕ ನಿಂತೇಹೋಯಿತು.

ಕಲ್ಲಿನ ಪೀಠವೇ ಆಗಬೇಕೆಂದು ನನ್ನನ್ನು ಹೊರಡಿಸಿದ್ದು ಪ್ಲೇಯರ್ ರಿಪೇರಿಯ ಮೆಕ್ಯಾನಿಕ್ ಕುಮರೇಸನ್; ಜೊತೆಗೂ ಬಂದಿದ್ದ. ನಾನು ಬಡಗಿಯ ಅಂಗಡಿಯೆದುರು ನಿಂತದ್ದು ಕಂಡು ಅವನಿಗೆ ಸಿಟ್ಟು. ನಮ್ಮ ಮಾತೆಲ್ಲ ತಮಿಳಿನಲ್ಲಿ.

"ಕಲ್ಲಾದ್ರೆ ಅಲ್ಲಾಡಲ್ಲ ಅಣ್ಣೇ. ಮರ ಹಾಕಿದ್ರೆ ಹಾಡಿನ ಜೊತೆ ಗುಂಯ್ ಅನ್ನುತ್ತೆ."

"ನಂಗೆ ಅಲ್ಲಾಡೋದೇ ಬೇಕು."

"ಇಷ್ಟು ವರ್ಷದಲ್ಲಿ ಹೀಗೆ ಕೇಳಿದವರು ನೀವೊಬ್ಬರೇ. ಅದರ ಮೇಲೆ ಇಡ್ಲಿ ಹಿಟ್ಟು ರುಬ್ತೀರಾ?"

ಅಣ್ಣಯ್ಯನ ಕೈಯ ವಿಷಯ ಹೇಳಿದೆ. ಕುಮರೇಸನ್ ಹಲಗೆಯನ್ನು ಬೆರಳಿನಿಂದ ತಟ್ಟಿ ನೋಡಿದ.

"ಹಾಗಾದ್ರೆ ತೆಳುವಾಗಿ ಕೊಯ್ಸಿ. ಒಳಗೆ ಪೊಳ್ಳು ಇರಲಿ. ಜೋರಾಗಿಟ್ರೆ ಮುಳ್ಳು ಹಾರುತ್ತೆ, ಆಮೇಲೆ ನನ್ನನ್ನ ಬಯ್ಯಬಾರದು."

ನಿನ್ನೆ ಸಂಜೆ ಹಳೆಯ ಮೋಟಾರು ಕೂರಿಸಿಕೊಂಡು ಹೊಸ ಪೆಟ್ಟಿಗೆ ಮನೆಗೆ ಬಂತು. ಅಣ್ಣಯ್ಯ ಮೊದಲು ಅದನ್ನು ಮೂಸಿ ನೋಡಿದ, ಆಮೇಲೆ ಅಂಗೈ ಊರಿದ. ಸ್ಪೀಕರನ್ನು ಮೊದಲಿನಂತೆ ಒತ್ತಿಸಿಟ್ಟು ಹಾಡು ಹಾಕಿದೆ. ಅವನ ಮುಖ ಹಾಗೇ ಇತ್ತು. ಕಲ್ಲೋ ಮರವೋ, ಇನ್ನು ಯಾವುದೂ ಅವನನ್ನು ಮುಟ್ಟಲಾರದೇನೋ ಎನಿಸಿತು. ಸದ್ದು ಏರಿಸಿದೆ, ಇನ್ನೂ ಏರಿಸಿದೆ. ಕುಮರೇಸನ್ ಹೇಳಿದ್ದೇ ಆಯಿತು: ಮುಳ್ಳು ಹಾರಿ ಹಾಡು ಅರ್ಧ ಸಾಲು ಮುಂದೆ ಬಿತ್ತು.

ಅಣ್ಣಯ್ಯ ತಲೆಯೆತ್ತಿದ.

"ತಮ್ಮಾ, ತಾಳ ತಪ್ತ್ ಕಾಣ್."

ಸದ್ದು ತಗ್ಗಿಸಿ ಮುಳ್ಳನ್ನು ಮತ್ತೆ ಮೊದಲಿಗಿಟ್ಟೆ. ಅವನ ಕೈಯ ಪಕ್ಕ ನನ್ನದನ್ನೂ ಊರಿದೆ. ದುಡಿದು ಜಡ್ಡುಗಟ್ಟಿದ ನನ್ನ ಅಂಗೈಗೆ ಮೊದಲು ಏನೂ ತಿಳಿಯಲಿಲ್ಲ. ಅವನ ಬೆರಳು ಮೆಲ್ಲಗೆ ತಾಳ ಹಾಕುತ್ತಿತ್ತು. ಅದನ್ನೇ ನೋಡುತ್ತ, ಅದರ ಹಿಂದೆಯೇ, ನಾನೂ ಹಾಕತೊಡಗಿದೆ.