ಒಂದು ದಿನ ಮೊದಲೇ ಕಲ್ಯಾಣಕ್ಕೆ ಹೋದವನು

ಇಂಥ ಕಥೆಯನ್ನು ಬೇರೆ ಯಾರಾದರೂ ಹೇಳಿದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ, “ಅವತ್ತು ಬಿ.ಪಿ. ಮಾತ್ರೆ ತಗೊಂಡಿದ್ರಾ?” ದೆವ್ವ, ಪೂರ್ವಜನ್ಮ ಮುಂತಾದವುಗಳಲ್ಲಿ ನನಗೆ ನಂಬಿಕೆ ಇರಲಿಲ್ಲ. ಹೆದರುವುದಕ್ಕೆ ಬೇರೆ ಬೇಕಾದಷ್ಟಿತ್ತು: ಗ್ಯಾಸಿನ ರೆಗ್ಯುಲೇಟರ್, ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟು, ಎದೆಯ ಎಡಗಡೆ ಆಗಾಗ ಬರುವ ಚಳುಕು. ಇವುಗಳ ನಡುವೆ ದೆವ್ವಕ್ಕೆ ಸರದಿಯೇ ಬರುತ್ತಿರಲಿಲ್ಲ. ಹಾಗಾಗಿ ಕೆಲವು ವರ್ಷಗಳ ಹಿಂದೆ ಕಲ್ಯಾಣದಲ್ಲಿ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ. ನೀವು ನಂಬದಿದ್ದರೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೂ ನಂಬುತ್ತಿರಲಿಲ್ಲ.

ಕೋಪರಖೈರಣೆಯಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ ಇದೆ. ಹುಟ್ಟುಹಬ್ಬದ ಬ್ಯಾನರಿಗೂ ಶ್ರದ್ಧಾಂಜಲಿಯ ಬ್ಯಾನರಿಗೂ ಒಂದೇ ನಗುವ ಫೋಟೋ ಬಳಸಿದ್ದುಂಟು. ಆದರೆ ಚಿಕ್ಕವನಿದ್ದಾಗ ನಾನು ಕಲಿತದ್ದು ಕುಂಚದ ಕೆಲಸ. ಡೊಂಬಿವಲಿಯಲ್ಲಿ ಬೋರ್ಡು ಬರೆಯುತ್ತಿದ್ದ ಮಾಸ್ತರರೊಬ್ಬರ ಕೈಕೆಳಗೆ. ಅವರದೊಂದು ಕಟ್ಟಳೆ ಇತ್ತು. ಗೋಡೆಯ ಮೇಲೆ ಚಿತ್ರ ಶುರುಮಾಡುವ ಮುಂಚೆ, ಕೆಳಗಿನ ಎಡಮೂಲೆಯಲ್ಲಿ, ಯಾರೂ ಬಗ್ಗಿ ನೋಡದ ಕಡೆ, ನೀಲಿ ಬಣ್ಣದಲ್ಲಿ ಹೆಬ್ಬೆರಳು ಒತ್ತಬೇಕು. ನೀನು ಯಾರೆಂದು ಮೊದಲು ಗೋಡೆಗೆ ಹೇಳು, ಆಮೇಲೆ ಕುಂಚ ಮುಟ್ಟು ಎನ್ನುತ್ತಿದ್ದರು.

ಫ್ಲೆಕ್ಸ್ ಬಂದ ಮೇಲೆ ಕುಂಚ ಕಪಾಟು ಸೇರಿತು. ಆಮೇಲೆ ಯಾವಾಗ ಅದನ್ನು ಹಿಡಿದರೂ ಕೈ ನಡುಗತೊಡಗಿತು. ಚಾ ಲೋಟ ಹಿಡಿದಾಗ ಇಲ್ಲದ ನಡುಕ ಕುಂಚ ಹಿಡಿದಾಗ ಮಾತ್ರ. ಡಾಕ್ಟರು ಏನೂ ಇಲ್ಲ ಎಂದರು. ಅದರಿಂದ ನನ್ನ ಚಿಂತೆ ಇನ್ನೂ ಹೆಚ್ಚಾಯಿತು.

ಹೀಗಿರುವಾಗ ಹೆಂಡತಿಯ ಅಣ್ಣ ಠಾಣೆ ಊರಿನಲ್ಲಿದ್ದ ತನ್ನ ಹೋಟೆಲನ್ನು ದೊಡ್ಡದು ಮಾಡಿದ. ಹೊಸ ಹಾಲಿನ ಒಂದಿಡೀ ಗೋಡೆಯನ್ನು ನನಗಾಗಿ ಖಾಲಿ ಬಿಟ್ಟಿದ್ದ.

“ಫ್ಲೆಕ್ಸ್ ಬೇಡ ಭಾವ, ಕೈಯಲ್ಲೇ ಬಿಡಿಸಿ. ದೋಸೆ ಬರುವವರೆಗೆ ಗಿರಾಕಿ ನೋಡ್ತಾ ಕೂರ್ಬೇಕು. ಕಲ್ಯಾಣದಲ್ಲಿ ಹಳೇ ವಾಡೆಗಳುಂಟಲ್ಲ, ಅಂಗಳ ಇರುವ ದೊಡ್ಡ ಮನೆಗಳು, ಒಮ್ಮೆ ಹೋಗಿ ನೋಡಿ ಬನ್ನಿ ಮಾರಾಯ್ರೆ.”

“ಕೈ ನಡುಗ್ತದೆ ಭಾವ,” ಎಂದೆ.

“ನಿಮ್ಗೆ ನಡುಗುದು ಕೈ ಅಲ್ಲ, ತಲೆ.”

ಒಪ್ಪಿಕೊಂಡೆ. ಈ ಗೋಡೆಯೂ ಆಗದಿದ್ದರೆ ಕುಂಚಗಳನ್ನೆಲ್ಲ ಯಾರಿಗಾದರೂ ಕೊಟ್ಟು, ನಾನು ಕಲಾವಿದನಾಗಿದ್ದೆ ಎಂಬುದನ್ನೇ ಮರೆತುಬಿಡುವುದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ.

ಒಂದು ಶನಿವಾರ ಹೊರಟೆ. ಕೋಪರಖೈರಣೆ ರೈಲು ಸ್ಟೇಷನ್ನಿನಲ್ಲಿ ಠಾಣೆಗೆ ಹೋಗುವ ಗಾಡಿ ಬಂದು ನಿಂತಿತು. ಹತ್ತಬೇಕು ಎನ್ನುವಾಗ ಇಸ್ತ್ರಿ ಪೆಟ್ಟಿಗೆ ನೆನಪಾಯಿತು. ಸ್ವಿಚ್ ತೆಗೆದಿದ್ದೆನೇ? ಜನ ನನ್ನನ್ನು ತಳ್ಳಿಕೊಂಡು ಹತ್ತಿದರು, ಗಾಡಿ ಹೋಯಿತು, ನಾನು ಮನೆಗೆ ಬಂದೆ. ಇಸ್ತ್ರಿ ಪೆಟ್ಟಿಗೆ ತಣ್ಣಗೆ ಕೂತಿತ್ತು.

“ಕಲ್ಯಾಣ ಇಷ್ಟು ಬೇಗ ನೋಡಿ ಆಯ್ತಾ?” ಎಂದಳು ಹೆಂಡತಿ. ಆ ದಿನವೆಲ್ಲ ನಾನು ಅಂಗಡಿಯಲ್ಲೇ ಇದ್ದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ.

ಮರುದಿನ ಭಾನುವಾರ ಹೇಗೋ ಗಾಡಿ ಹತ್ತಿ, ಠಾಣೆಯಲ್ಲಿ ಬದಲಿಸಿ, ಕಲ್ಯಾಣ ತಲುಪಿದೆ. ಹಳೆಯ ಪೇಟೆಯ ಗಲ್ಲಿಗಳಲ್ಲಿ ಅಲೆದೆ. ಹೊಸದೊಂದು ಬಹುಮಹಡಿ ಟವರಿನ ಬೆನ್ನಿಗೆ ಒಂದು ವಾಡೆ ಕಂಡಿತು. ತೇಗದ ಕಂಬಗಳು, ಅವುಗಳ ನೆತ್ತಿಯಲ್ಲಿ ಕೆತ್ತಿದ ಗಿಳಿಗಳು, ನಡುವೆ ಅಂಗಳ, ತುಳಿದು ತುಳಿದು ಬಟ್ಟಲಾದ ಕಲ್ಲಿನ ಮೆಟ್ಟಿಲು. ಬಾಗಿಲಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ತಲೆಯೆತ್ತಿ ನಕ್ಕಳು.

“ಬರ್ರಿ. ನಿನ್ನಿನ ಕೆಲಸ ಇನ್ನಾ ಮುಗೀಲಿಲ್ಲೇನ್ರಿ?”

ಮರಾಠಿ ಮಾತಿನ ಕಲ್ಯಾಣದ ಗಲ್ಲಿಯಲ್ಲಿ ಗುರುತಿಲ್ಲದವರು ಯಾರೂ ಕನ್ನಡದಲ್ಲಿ ಮಾತು ತೆಗೆಯುವುದಿಲ್ಲ. ನಾನು ಇವತ್ತೇ ಬರುತ್ತಿರುವುದು ಎಂದೆ.

“ಚಾಷ್ಟಿ ಮಾಡಬ್ಯಾಡ್ರಿ ಅಣ್ಣಾರ. ಉಡುಪಿ ಕಡೆಯಾಂವ ಅಂತ ನೀವ ಹೇಳಿದ್ರಿ. ಇಲ್ಲಾಂದ್ರ ನಾ ಯಾಕ ನಿಮ್ಮ ಜೋಡಿ ಕನ್ನಡ ಮಾತಾಡ್ಲಿ?”

ನಾನು ಉಡುಪಿ ಕಡೆಯವನು ಎನ್ನುವುದು ನಿಜ, ಆದರೆ ಅವಳಿಗೆ ಹೇಳಿದ್ದು ನಾನಲ್ಲ. ಅವಳ ಹೆಸರು ನೀಲವ್ವ, ವಿಜಯಪುರದ ಕಡೆಯವಳು. ಗಂಡನಿಗೆ ಟವರಿನಲ್ಲಿ ಕೆಲಸ. ಮಾಲೀಕರು ಫ್ಲ್ಯಾಟಿಗೆ ಹೋದ ಮೇಲೆ ವಾಡೆ ಕಾಯುವುದು ಇವಳ ಪಾಲಿಗೆ ಬಂದಿತ್ತು. ಚಾ ಮಾಡುತ್ತೇನೆ ಎಂದಳು. ಬೇಡಮ್ಮ, ಆಸಿಡಿಟಿ ಎಂದೆ.

“ನಿನ್ನಿ ಇರಲಿಲ್ಲಲ್ಲ ಅದು? ಎರಡ ಸಲ ಇಸಗೊಂಡು ಕುಡದ್ರಿ. ಹಾಡ್ಕೋತ ಕುಂತಿದ್ರಿ.”

ನಾನು ಹಾಡುವುದಿಲ್ಲ. ಯಾರನ್ನೋ ನೋಡಿ ನಾನೆಂದು ತಿಳಿದಿದ್ದಾಳೆ ಎಂದುಕೊಂಡೆ. ಅವಳು ನನ್ನನ್ನು ಅಂಗಳದ ಒಳಗೋಡೆಯ ಮುಂದೆ ನಿಲ್ಲಿಸಿದಳು.

ಅಲ್ಲಿ ಹಳೆಯ ಕಾಲದ ಬಳ್ಳಿಯ ಚಿತ್ರವಿತ್ತು. ನಡುವೆ ಗಾರೆ ಬಿದ್ದು, ಆ ಜಾಗಕ್ಕೆ ಹೊಸದಾಗಿ ಸುಣ್ಣ ಹೊಡೆದಿದ್ದರು. ಬಳ್ಳಿ ಅಲ್ಲಿಗೆ ನಿಲ್ಲಬೇಕಿತ್ತು. ನಿಂತಿರಲಿಲ್ಲ. ಯಾರೋ ಇದ್ದಿಲಿನಲ್ಲಿ ಅದನ್ನು ಸುಣ್ಣದ ಮೇಲೆ ಮುಂದುವರಿಸಿದ್ದರು. ಒಂದೇ ಉಸಿರಿನಲ್ಲಿ ಎಳೆದ ಗೆರೆ, ಎಲ್ಲೂ ತಡವರಿಕೆ ಇಲ್ಲ. ಕೆಳಗೆ ಎಡಮೂಲೆಯಲ್ಲಿ ನೀಲಿ ಹೆಬ್ಬೆರಳಿನ ಗುರುತು.

ಮಾಸ್ತರರಿಗೆ ಬೇರೆ ಶಿಷ್ಯರೂ ಇದ್ದರಲ್ಲ ಎಂದು ಸಮಾಧಾನ ಮಾಡಿಕೊಂಡು ಬಗ್ಗಿ ನೋಡಿದೆ. ಗುರುತಿನ ನಡುವೆ ಓರೆಯಾಗಿ ಒಂದು ಬಿಳಿ ಗೀರು. ನನ್ನ ಬಲ ಹೆಬ್ಬೆರಳಲ್ಲಿ ಫ್ಲೆಕ್ಸ್ ಕತ್ತರಿಸುವ ಬ್ಲೇಡು ತಗಲಿ ಆದ ಓರೆ ಗಾಯದ ಕಲೆ ಇದೆ. ಬೆರಳನ್ನು ಅದರ ಮೇಲಿಟ್ಟು ನೋಡಬಹುದಿತ್ತು. ಇಡಲಿಲ್ಲ. ಸರಿಹೊಂದಿದರೆ ಒಂದು ಚಿಂತೆ, ಹೊಂದದಿದ್ದರೆ ಇನ್ನೊಂದು.

ವಿಚಿತ್ರವೆಂದರೆ ನನಗೆ ಭಯವಾಗಲಿಲ್ಲ. ಹೊಟ್ಟೆಕಿಚ್ಚಾಯಿತು. ಇಂಥ ಗೆರೆ ನನ್ನ ಕೈಯಿಂದ ಬಾರದೆ ಎಷ್ಟೋ ಕಾಲವಾಗಿತ್ತು. ನೀಲವ್ವನ ಚಾ ಬೇಡಿ ಕುಡಿದೆ. ಕಟ್ಟೆಯ ಮೇಲೆ ಕೂತು, ಚೀಲದಲ್ಲಿದ್ದ ಹಾಳೆ, ಕುಂಚ ತೆಗೆದು, ಕಂಬ, ಗಿಳಿ, ಅಂಗಳಕ್ಕೆ ಇಳಿಯುತ್ತಿದ್ದ ಬಿಸಿಲು, ಎಲ್ಲವನ್ನೂ ಬಿಡಿಸಿದೆ. ಬಿಸಿಲು ಮಾಡಿನ ಮೇಲಕ್ಕೆ ಹೋದಾಗಲೇ ಎಚ್ಚರವಾದದ್ದು. ಕೈ ನಡುಗುತ್ತಿದೆಯೇ ಎಂದು ನೋಡಿಕೊಳ್ಳಲು ಮರೆತುಹೋಗಿತ್ತು.

ಫೋಟೋ ತೆಗೆಯಲಿಲ್ಲವೇ ಎಂದು ನೀವು ಕೇಳಬಹುದು. ತೆಗೆದೆ. ಹೆಂಡತಿಗೆ ಆ ಬಳ್ಳಿಯನ್ನು ತೋರಿಸಿದೆ. “ನಿಮ್ದೇ ಅಲ್ವಾ, ಚಂದ ಬಂದಿದೆ. ಅದಕ್ಕೆ ಮುಖ ಯಾಕೆ ಹಾಗೆ?” ಎಂದಳು.

ಠಾಣೆಯ ಹೋಟೆಲಿನ ಗೋಡೆಯ ಮೇಲೆ ಆ ಅಂಗಳವನ್ನೇ ಬಿಡಿಸಿದೆ. ಹೆಬ್ಬೆರಳು ಒತ್ತಿ ಶುರುಮಾಡಿದೆ. ಯಾರೋ ಮೊದಲೇ ಎಳೆದಿಟ್ಟ ಗೆರೆಯ ಮೇಲೆ ಕುಂಚ ಆಡಿಸಿದಷ್ಟು ಹಗುರಾಗಿ ಕೆಲಸ ಸಾಗಿತು. ಈಗ ಭಾವನದೇ ದೂರು: “ದೋಸೆ ತಿಂದಾದ ಮೇಲೂ ನೋಡ್ತಾ ಕೂರ್ತಾರೆ ಭಾವ, ಟೇಬಲ್ ಖಾಲಿ ಆಗುದಿಲ್ಲ.”

ಗೋಡೆ ಮುಗಿದ ಮೇಲೆ ಅದರ ಫೋಟೋ ತೋರಿಸಿ, ಆ ಶನಿವಾರ ಬಂದವನ ಬಗ್ಗೆ ಸರಿಯಾಗಿ ಕೇಳಬೇಕೆಂದು ನೀಲವ್ವನಲ್ಲಿಗೆ ಹೋದೆ. ವಾಡೆಯನ್ನು ಕೆಡವಿ ಆ ಜಾಗಕ್ಕೆ ಹಸಿರು ಬಲೆ ಕಟ್ಟಿದ್ದರು. ಒಳಗೆ ನೆಲ ಅಗೆಯುತ್ತಿದ್ದರು. ನೀಲವ್ವ, ಅವಳ ಗಂಡ ಬೇರೆ ಕಟ್ಟಡದ ಕೆಲಸಕ್ಕೆ ಹೋದರಂತೆ. ಎಲ್ಲಿಗೆ ಎಂದು ವಾಚ್‌ಮನ್‌ಗೆ ಗೊತ್ತಿರಲಿಲ್ಲ.

ಇದಕ್ಕೆ ನನ್ನಲ್ಲಿ ವಿವರಣೆ ಇಲ್ಲ. ಒಂದು ಮಾತ್ರ ಬದಲಾಗಿದೆ. ಕೋಪರಖೈರಣೆಯಲ್ಲಿ ಗಾಡಿ ಬಂದು ನಿಂತಾಗ ಇಸ್ತ್ರಿ ಪೆಟ್ಟಿಗೆ ಈಗಲೂ ನೆನಪಾಗುತ್ತದೆ. ಆದರೂ ಹತ್ತಿಬಿಡುತ್ತೇನೆ. ನಾನು ಹತ್ತದಿದ್ದರೆ, ಆ ಶನಿವಾರದ ಹಾಗೆ, ಅವನು ಹತ್ತಿ ಹೋಗಿಬಿಡುತ್ತಾನೆ ಎಂಬ ಚಿಂತೆ.